ಆಪ್ತಸಲಹೆ ಪ್ರಕರಣ: ಕಾಟಾ ತೋರಿಸಿದ್ದನ್ನೇ ಬರೆಯಿರಿ

ಅವರು ನನ್ನಲ್ಲಿಗೆ ಆಪ್ತಸಲಹೆಗೆ ಮೊದಲ ಸಲ ಬಂದದ್ದು ಜುಲೈ ಕೊನೆಯ ವಾರ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿ, ತುಂಗೆ ನೋಡಲು ಜನ ಕೊಡೆ ಹಿಡಿದು ನಿಂತಿದ್ದ ದಿನ. ವಯಸ್ಸು 40ರ ಆಸುಪಾಸು. ಮಲೆನಾಡಿನ ಒಂದು ಪೇಟೆಯ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಕ್ರೈಸ್ತ ಕುಟುಂಬ, ಇಬ್ಬರು ಮಕ್ಕಳು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

"ಮೇಡಂ, ಪ್ರಾರ್ಥನೆ ಮಾಡಕ್ಕೇ ಆಗ್ತಿಲ್ಲ. ಉಪವಾಸ ಪ್ರಾರ್ಥನೆಗೆ ಹೋದೆ, ಪಾದ್ರಿಗಳಿಂದ ತಲೆ ಮೇಲೆ ಕೈ ಇಡಿಸ್ಕೊಂಡೆ. ದೇವರು ಬಲ ಕೊಡ್ತಿಲ್ಲ."

ರಾತ್ರಿ 2 ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಊಟ ಸೇರುತ್ತಿರಲಿಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿದೆ. ಇಲ್ಲವೆಂದರು. ಆದರೂ ವೈದ್ಯರಿಗೆ ತೋರಿಸಿಕೊಂಡು ಬರಲು ಹೇಳಿ ಕಳಿಸಿದೆ. ದೇಹದ ಕಾಯಿಲೆಗೆ ಬೈಬಲ್ ವಚನ ಓದಿಸಿ ಕೂರಬಾರದು.

ವಿಷಯ ಹೊರಬಿದ್ದದ್ದು ಎರಡನೇ ಭೇಟಿಯಲ್ಲಿ. ಮಗಳು ಭಾನುವಾರದ ಶಾಲೆಗೆ ಹತ್ತು ಆಜ್ಞೆ ಬಾಯಿಪಾಠ ಮಾಡುತ್ತಿದ್ದಳಂತೆ. 'ಕದಿಯಬಾರದು' ಎಂಬಲ್ಲಿಗೆ ಬಂದು ಮರೆತು, "ಅಪ್ಪ, ಆಮೇಲೇನು?" ಎಂದಳಂತೆ. ಇವರಿಗೆ ಮಾತು ಬರಲಿಲ್ಲ.

ಮಂಡಿಯಲ್ಲಿ ಮೂಟೆಗೆ ಅರ್ಧ ಕೆಜಿ ಕಡಿಮೆ ಬರೆಯುವುದು ಇವರ ಕೆಲಸ. ಮಳೆಗಾಲದಲ್ಲಿ ಅಡಿಕೆ ತೇವ ಹೀರುತ್ತದೆ, ಅದು ನೀರಿನ ತೂಕ ಎಂದು ಸಾಹುಕಾರರ ಸಮಜಾಯಿಷಿ. ಬೇಸಿಗೆಯಲ್ಲೂ ತೂಕ ಕಡಿತ ಮಾಡುತ್ತಿದ್ದರು. 'ರಾಶಿ' ಬಗೆಯ ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ಇರುವಾಗ ಅರ್ಧ ಕೆಜಿ ಅಂದರೆ 250 ರೂಪಾಯಿ. ಅದು ಸಾಹುಕಾರರ ಗಂಟಿಗೆ ಹೋಗುತ್ತಿತ್ತು. ಇವರಿಗೆ ಸಿಗುತ್ತಿದ್ದದ್ದು ಹಂಗಾಮಿನ ಕೊನೆಗೆ ಒಂದಿಷ್ಟು ಇನಾಮು.

ಅರ್ಧ ಎಕರೆ ತೋಟದ ಒಬ್ಬ ಅಜ್ಜಿ ಮೂರು ವರ್ಷದಿಂದ ಇವರ ಹತ್ತಿರವೇ ತೂಕ ಹಾಕಿಸುತ್ತಿದ್ದರು. ಕಣ್ಣು ಮಂಜು. "ಎಷ್ಟಾಯ್ತು ತಮ್ಮಾ, ನೀನೇ ಓದು" ಎನ್ನುತ್ತಿದ್ದರಂತೆ. ಈ ಸಲ ಬರುವಾಗ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ತಂದುಕೊಟ್ಟರು, ಮೋಸ ಮಾಡದೆ ಓದಿ ಹೇಳುವ ಹುಡುಗ ಅಂತ. ಬಾಟಲಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಇವರು ಬಿಚ್ಚಿರಲಿಲ್ಲ. ಯಾಕೆ ಬಿಚ್ಚಿಲ್ಲವೆಂದು ಹೆಂಡತಿ ಕೇಳಿದರೆ, ಇನ್ನೂ ಮಿಡಿ ಮಾಗಬೇಕು ಎನ್ನುತ್ತಿದ್ದರಂತೆ.

"ಈ ಕೆಲಸ ಬಿಡೋ ಬಲ ಕೊಡು ಸ್ವಾಮಿ ಅಂತ ಎರಡು ವರ್ಷದಿಂದ ಬೇಡ್ತಿದ್ದೀನಿ ಮೇಡಂ. ಬಲ ಬಂದ ದಿನ ಎಲ್ಲ ಸರಿ ಮಾಡ್ತೀನಿ."

ಗಂಟು ಇದ್ದದ್ದು ಇಲ್ಲೇ ಎಂದು ನನಗನ್ನಿಸಿತು. ಸಲಹೆಗೆ ಬಂದ ಎಲ್ಲರಿಗೂ ನಾನು ಬೈಬಲ್ ತೆರೆಯುವವಳಲ್ಲ. ಇವರೇ ಅದರ ಮಾತೆತ್ತಿದ್ದರು, ನಾನೂ ಅದೇ ನಂಬಿಕೆಯವಳು, ಹಾಗಾಗಿ ತೆರೆದೆ. ಧರ್ಮೋಪದೇಶಕಾಂಡದ 11ನೇ ಅಧ್ಯಾಯದಲ್ಲಿ, ಆಜ್ಞೆಗಳನ್ನು ಕೈಕೊಂಡು ನಡೆಯಿರಿ, ಆಗ ಬಲಗೊಳ್ಳುವಿರಿ ಎಂಬ ಅರ್ಥದ ಮಾತಿದೆ. ನಡೆಯುವುದು ಮೊದಲು, ಬಲ ಆಮೇಲೆ. ಯೆಹೋಶುವನ ಪುಸ್ತಕದ 3ನೇ ಅಧ್ಯಾಯವನ್ನೂ ಅವರಿಂದಲೇ ಓದಿಸಿದೆ. ಸುಗ್ಗಿಯ ಕಾಲ, ಇಸ್ರಾಯೇಲ್ಯರು ದಾಟಬೇಕಾದ ಯೊರ್ದನ್ ಹೊಳೆ ದಡ ಮೀರಿ ಹರಿಯುತ್ತಿದೆ. ದೇವರ ಮಂಜೂಷ, ಅಂದರೆ ಪವಿತ್ರ ಪೆಟ್ಟಿಗೆ, ಹೊತ್ತ ಯಾಜಕರ ಕಾಲು ನೀರಿಗೆ ತಾಗಿದ ಮೇಲೆ ಹೊಳೆ ನಿಲ್ಲುತ್ತದೆ. ಮಳೆಗಾಲದ ಹೊಳೆಗೆ ಕಾಲಿಡುವುದೆಂದರೇನು ಎಂದು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಅವರು ಪುಸ್ತಕ ಮುಚ್ಚಿ ಕಿಟಕಿಯ ಕಡೆ ನೋಡುತ್ತ ಕೂತರು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಮಾಡದ ತಪ್ಪನ್ನೂ ಮಾಡಿದೆನೆಂದು ಹೆದರಿ, ಒಂದೇ ಪಾಪವನ್ನು ಹತ್ತು ಸಲ ಅರಿಕೆ ಮಾಡಿಕೊಳ್ಳುವವರು ನನ್ನಲ್ಲಿಗೆ ಬರುತ್ತಾರೆ. ಅವರಿಗೆ ಆಜ್ಞೆಗಳನ್ನು ಇನ್ನೂ ಬಿಗಿಯಾಗಿ ಪಾಲಿಸಿ ಎಂದರೆ ಉರಿಗೆ ತುಪ್ಪ ಹೊಯ್ದಂತೆ. ಅವರಿಗೆ ಬೇಕಾದದ್ದು ಮನೋವೈದ್ಯರ ಚಿಕಿತ್ಸೆ. ಈ ಗುಮಾಸ್ತರ ಸಂಕಟ ಅದಲ್ಲ. ಇವರ ಮನಸ್ಸಾಕ್ಷಿ ಸರಿಯಾದದ್ದನ್ನೇ ಹೇಳುತ್ತಿತ್ತು.

"ಆಜ್ಞೆ ಪಾಲಿಸದಿದ್ರೆ ದೇವರು ನನ್ನನ್ನ ಬಿಟ್ಟುಬಿಡ್ತಾನಾ?" ಎಂದು ಕೇಳಿದರು. ವಿಮೋಚನಕಾಂಡದ 20ನೇ ಅಧ್ಯಾಯ ಹೇಗೆ ಶುರುವಾಗುತ್ತದೆ ನೋಡಿ ಎಂದೆ. ಐಗುಪ್ತದ ದಾಸತ್ವದಿಂದ ನಿಮ್ಮನ್ನು ಬಿಡಿಸಿದವನು ನಾನು ಎನ್ನುತ್ತಾನೆ, ಆಮೇಲೆ ಆಜ್ಞೆ ಕೊಡುತ್ತಾನೆ. ಬಿಡುಗಡೆಯಾದವರಿಗೆ ಕೊಟ್ಟ ದಾರಿ ಅದು. ಪ್ರೀತಿಯನ್ನು ದುಡಿದು ಸಂಪಾದಿಸುವ ಲೆಕ್ಕ ಅಲ್ಲಿಲ್ಲ.

ಕೊಟ್ಟ ಸಲಹೆ ಚಿಕ್ಕದು. ಕೆಲಸ ಬಿಡುವುದು ಬೇಡ. ಹತ್ತೂ ಆಜ್ಞೆಗಳ ಯೋಚನೆ ಈಗ ಬೇಡ. ಒಂದೇ ವಾರ, ಕಾಟಾ ತೋರಿಸಿದ್ದನ್ನೇ ಬರೆಯಿರಿ. ಬರೆಯುವ ಮುಂಚೆ ರೈತನಿಗೆ ಕೇಳುವಂತೆ ಓದಿ. ಇವತ್ತು ರಾತ್ರಿಯೇ ಹೆಂಡತಿಗೆ ಹೇಳಿ, ಇದನ್ನು ಒಬ್ಬರೇ ಹೊರಬೇಡಿ. ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ ಚೀಲದೊಳಗೆ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದೆಂಬ ಆಜ್ಞೆಯಿದೆ. ಆ ಸಾಲನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡು ಹೋದರು.

ಸೋಮವಾರ ಚೌತಿ ಖರ್ಚಿಗೆಂದು ಅಟ್ಟದಿಂದ ಇಳಿಸಿದ ಅಡಿಕೆ ಬಂದಿತ್ತಂತೆ. ಮೊದಲ ಮೂಟೆ 64.7 ಕೆಜಿ. ಕೈ ತಾನಾಗಿ 64.2 ಎಂದು ಬರೆಯಲು ಹೋಯಿತು. ಗಟ್ಟಿಯಾಗಿ "ಅರವತ್ನಾಲ್ಕು ಏಳುನೂರು" ಎಂದುಬಿಟ್ಟರು. "ಬಾಯಿಂದ ಬಂದ್ಮೇಲೆ ಬರೀಲೇಬೇಕಾಯ್ತು ಮೇಡಂ. ಎರಡನೇ ಮೂಟೆಗೆ ಅಷ್ಟು ಕಷ್ಟ ಆಗ್ಲಿಲ್ಲ."

ಗುರುವಾರ ಸಾಹುಕಾರರು ಪುಸ್ತಕ ನೋಡಿ ಕರೆಸಿದರು. "ಕಾಟಾ ತೋರ್ಸಿದ್ದು ಬರ್ದಿದ್ದೀನಿ ಸಾಹುಕಾರ್ರೇ" ಎಂದು ಹೇಳಿ, ಮುಂದೆ ಮಾತು ಬೆಳೆಸದೆ ನಿಂತರಂತೆ. ಕೆಲಸ ಹೋಗಲಿಲ್ಲ. ಕಾಟಾದಿಂದ ತೆಗೆದು ಗೋದಾಮಿಗೆ ಹಾಕಿದರು, ಆ ವರ್ಷದ ಇನಾಮು ಹೋಯಿತು. ಮಗಳ ಶಾಲೆಯ ಫೀಸಿಗೆ ಹೆಂಡತಿಯ ಬಳೆ ಅಡವಿಡಬೇಕಾಯಿತು. ಇದನ್ನು ಮುಚ್ಚಿಟ್ಟು, ವಿಧೇಯರಾದ ಕೂಡಲೇ ಎಲ್ಲ ಸುಗಮವಾಯಿತು ಎಂದು ಬರೆಯಲು ನನಗೆ ಮನಸ್ಸಿಲ್ಲ. ಆದರೆ ಬಳೆ ಅಡವಿಟ್ಟ ರಾತ್ರಿಯೇ ಗಂಡ ಹೆಂಡತಿ ಮಕ್ಕಳು ಕೂತು ಯೇಸು ಕಲಿಸಿದ ಪರಲೋಕದ ಪ್ರಾರ್ಥನೆ ಹೇಳಿದರಂತೆ, ಇವರ ದನಿ ನಡುಗಲಿಲ್ಲವಂತೆ. ನಿದ್ದೆ ವಾರಕ್ಕೆ ನಾಲ್ಕೈದು ದಿನ ಬರುತ್ತಿತ್ತು.

ಅಜ್ಜಿಯ ಮಾತು ಉಳಿದಿತ್ತು. ಯಾಜಕಕಾಂಡದ 6ನೇ ಅಧ್ಯಾಯದಂತೆ ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು, ಐದರಲ್ಲಿ ಒಂದು ಪಾಲು ಕೂಡಿಸಿ ಕೊಡಬೇಕು. ಮೂರು ವರ್ಷಕ್ಕೆ 26 ಮೂಟೆ, 13 ಕೆಜಿ, 6,500 ರೂಪಾಯಿ. ಮೇಲೆ 1,300. "ದುಡ್ಡು ತಿಂದದ್ದು ಸಾಹುಕಾರ್ರು, ನಾನ್ಯಾಕೆ ಪೂರ್ತಿ ಕೊಡ್ಲಿ?" ಎಂದು ಒಮ್ಮೆ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಒತ್ತಾಯಿಸಲಿಲ್ಲ. ಹೀಗೆ ಒಪ್ಪಿಕೊಂಡರೆ ಕಾನೂನಿನ ತೊಡಕೂ ಬರಬಹುದು, ಮೊದಲು ವಕೀಲರೊಬ್ಬರನ್ನು ಕೇಳಿ ಎಂದೆ. ಕೇಳಿ ಬಂದರು. ಎರಡು ತಿಂಗಳಲ್ಲಿ 7,800 ಹೊಂದಿಸಿಕೊಂಡು ಅಜ್ಜಿಯ ಮನೆಗೆ ಹೋದರು.

ಅಜ್ಜಿ ಅಳಲಿಲ್ಲ, ಹರಸಲಿಲ್ಲ. ಜಗಲಿಯಲ್ಲಿ ಕೂತು ನೋಟುಗಳನ್ನು ಒಂದೊಂದಾಗಿ ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಎಣಿಸಿದರು. ಸೆರಗಿಗೆ ಗಂಟು ಹಾಕಿಕೊಂಡು, "ಉಳಿದವ್ರದ್ದು?" ಎಂದರಂತೆ.

ಅದಾದ ಮೇಲೆ ನನ್ನಲ್ಲಿಗೆ ಬಂದಾಗ ಅವರ ಕೈಯಲ್ಲಿ 200 ಪುಟದ ಒಂದು ನೋಟ್‌ಬುಕ್ ಇತ್ತು. ಹಳೆಯ ಚೀಟಿಗಳನ್ನು ನೋಡಿ ಹೆಸರು ಬರೆಯಲು ಶುರುಮಾಡಿದ್ದರು, ಸಣ್ಣ ಹಿಡುವಳಿಯವರು ಮೊದಲು. ಆರನೇ ಪುಟದಲ್ಲಿದ್ದರು.