ಮೂಳೆ ಮಜ್ಜೆಗೆ ಸುದ್ದಿ ಮುಟ್ಟುವ ಬಗೆ

ನಮಸ್ಕಾರ. ಸೋಂಕು ಇರುವುದು ಶ್ವಾಸಕೋಶದಲ್ಲಿ, ಅದು ದೂರದ ಮೂಳೆ ಮಜ್ಜೆಗೆ ಗೊತ್ತಾಗಿ ಬಿಳಿ ರಕ್ತಕಣ ಜಾಸ್ತಿಯಾಗುವುದು ಹೇಗೆ ಎಂದು ಕೇಳಿದ್ದೀರಿ.

ಸುದ್ದಿ ಹೋಗುವುದು ರಕ್ತದ ಮೂಲಕವೇ. ಬ್ಯಾಕ್ಟೀರಿಯಾದ ಹೊರಗೋಡೆಯ ಚೂರುಗಳು ತಾಗಿದ ಕೂಡಲೇ ರೋಗಾಣುಗಳನ್ನು ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು, ರಕ್ತನಾಳದ ಒಳಪದರದ ಕೋಶಗಳು ಜಿ-ಸಿಎಸ್‌ಎಫ್ ಎಂಬ ಪ್ರೋಟೀನ್ ಬಿಡುತ್ತವೆ. ಮಜ್ಜೆಯಲ್ಲಿ ಅದಕ್ಕೆ ಎರಡು ಕೆಲಸ. ಮೊದಲು, ಸಿದ್ಧವಾಗಿ ಕೂತಿರುವ, ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನು ಬಿಡಿಸುವುದು. ಮಾಮೂಲಿ ದಿನಗಳಲ್ಲಿ ಮಜ್ಜೆಯ ಆಸರೆ ಕೋಶಗಳು ಸಿಎಕ್ಸ್‌ಸಿಎಲ್12 ಎಂಬ ಸಂಕೇತದಿಂದ ಅವನ್ನು ಅಲ್ಲೇ ಹಿಡಿದಿಟ್ಟಿರುತ್ತವೆ. ಜಿ-ಸಿಎಸ್‌ಎಫ್ ಬಂದರೆ ಆ ಹಿಡಿತ ಸಡಿಲವಾಗುತ್ತದೆ. ಇನ್ನೊಂದು, ಹೊಸ ಕಣಗಳ ತಯಾರಿ ಚುರುಕಾಗುತ್ತದೆ. ಆರೋಗ್ಯವಾಗಿದ್ದಾಗಲೇ ದಿನಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೋಫಿಲ್ ಹುಟ್ಟುತ್ತವೆ. ಇದು ಅದರ ಮೇಲೆ!

ಅವಸರ ಜಾಸ್ತಿಯಾದರೆ ಪೂರ್ತಿ ಬಲಿಯದ ಕಣಗಳೂ ಹೊರಬೀಳುತ್ತವೆ. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ 'ಬ್ಯಾಂಡ್' ಎಂದು ಇರುವುದು ಇವೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವುಗಳ ಕೋಶಕೇಂದ್ರ ಇನ್ನೂ ಎಸಳೆಸಳಾಗಿ ಬಿಡಿಸಿಕೊಂಡಿರುವುದಿಲ್ಲ, ಬಾಗಿದ ಪಟ್ಟಿಯ ಹಾಗೆ ಕಾಣುತ್ತದೆ.

ನನಗೆ ತುಂಬಾ ಹಿಡಿಸಿದ್ದು ಬೇರೆ ವಿಷಯ. ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶಗಳ ಮೇಲೂ ಬ್ಯಾಕ್ಟೀರಿಯಾ ಗುರುತಿಸುವ ಟೋಲ್ ಗ್ರಾಹಕಗಳಿವೆ. ಬೇರೆಯವರು ಸುದ್ದಿ ತರಲಿ ಎಂದು ಅವು ಸುಮ್ನೆ ಕಾಯಬೇಕಿಲ್ಲ, ನೇರವಾಗಿಯೇ ತಿಳಿದುಕೊಳ್ಳಬಲ್ಲವು.

ಕೆಂಪು ಕಣ ಯಾಕೆ ಇಳಿಯುತ್ತದೆ ಎಂದೂ ಕೇಳಿದ್ದೀರಿ ಅಲ್ವಾ? ಉರಿಯೂತ ಬಹಳ ದಿನ ಇದ್ದರೆ ಐಎಲ್-6 ಎಂಬ ಸಂಕೇತ ಲಿವರ್‌ನಲ್ಲಿ ಕಬ್ಬಿಣದ ಹರಿವನ್ನು ತಡೆಯುವ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಆಗ ಕಬ್ಬಿಣ ಮ್ಯಾಕ್ರೋಫೇಜ್‌ಗಳ ಒಳಗೇ ಸಿಕ್ಕಿಕೊಳ್ಳುತ್ತದೆ, ಕೆಂಪು ಕಣ ತಯಾರಿಸಲು ಮಜ್ಜೆಗೆ ಸಾಲುವುದಿಲ್ಲ. ಕರುಳು ಹೀರಿಕೊಳ್ಳುವುದೂ ಕಡಿಮೆಯಾಗುವುದರಿಂದ ಕಬ್ಬಿಣದ ಮಾತ್ರೆಯೂ ಅಷ್ಟಾಗಿ ಹತ್ತುವುದಿಲ್ಲ.