ಕಾಲ್ ಮುಗಿದ ಮೇಲಿನ ಮೂರು ಗಂಟೆ

ಬೆಂಗಳೂರಿನ ವಿಜಯನಗರದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮನೆಯವರದು ಸಾಫ್ಟ್‌ವೇರ್ ಸಪೋರ್ಟ್ ಕೆಲಸ. ಅಮೆರಿಕದ ಕ್ಲೈಂಟ್ ಜತೆ ಕಾಲ್ ಮುಗಿಯುವಾಗ ರಾತ್ರಿ ಹನ್ನೊಂದು. ಆಮೇಲೂ ರಾತ್ರಿ ಎರಡರವರೆಗೆ ಮೊಬೈಲ್ ನೋಡುತ್ತಾ ಕೂರುತ್ತಾರೆ. ಕೇಳಿದರೆ, 'ನನ್ನ ಅನ್ನವೇ ಇಂಟರ್‌ನೆಟ್‌ನಲ್ಲಿದೆ, ಚಟ ಅಂತೀಯಲ್ಲ' ಎಂದು ರೇಗುತ್ತಾರೆ. ವೈಫೈ ಆಫ್ ಮಾಡಿಬಿಡಲೇ?"

ಬೇಡ, ತಾಯಿ. ಮೊಬೈಲ್ ಡೇಟಾ ಇದ್ದೇ ಇರುತ್ತದೆ, ಜಗಳವೊಂದು ಹೆಚ್ಚಾಗುತ್ತದೆ ಅಷ್ಟೇ.

ಅವರ ಮಾತಿನಲ್ಲಿ ಅರ್ಧ ನಿಜವಿದೆ. ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 9 ಗಂಟೆಯಾದಾಗ ನಮ್ಮಲ್ಲಿ ರಾತ್ರಿ 9.30, ಅಲ್ಲಿಯ ಚಳಿಗಾಲದಲ್ಲಿ 10.30. ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಇಂಟರ್‌ನೆಟ್ ಚಟ ಅಳೆಯಲು 1998ರಲ್ಲಿ ಕೊಟ್ಟ 20 ಪ್ರಶ್ನೆಗಳ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. 'ಬೇರೆ ಕೆಲಸ ಬಿಟ್ಟು ಮೊದಲು ಇ-ಮೇಲ್ ನೋಡುತ್ತೀರಾ?' ಎಂಬುದು ಅದರಲ್ಲೊಂದು ಪ್ರಶ್ನೆ. ಯಾವ ಹೊತ್ತಿನಲ್ಲಿ ಕರೆದರೂ ಓಗೊಡಬೇಕಾದ ಆನ್‌ಕಾಲ್ ಡ್ಯೂಟಿಯಲ್ಲಿರುವವರು ಇದಕ್ಕೆ ಇಲ್ಲ ಎನ್ನುವುದಾದರೂ ಹೇಗೆ? ಐಟಿಯವರ ಮಟ್ಟಿಗೆ ಗಂಟೆ ಲೆಕ್ಕ ಹಾಕಿ ಚಟ ಎಂದುಬಿಡುವುದು ಅನ್ಯಾಯ.

ಆದರೆ ಹನ್ನೊಂದರಿಂದ ಎರಡರವರೆಗಿನ ಹೊತ್ತು ಆಫೀಸಿನದಲ್ಲ. ದಿನವಿಡೀ ಬೇರೆಯವರ ಟಿಕೆಟ್ಟು (ಅಂದರೆ ದೂರುಗಳು), ಮೀಟಿಂಗುಗಳಲ್ಲಿ ಕಳೆದವರಿಗೆ ತಮ್ಮದು ಅಂತ ಸಿಗುವುದು ಆ ಹೊತ್ತೊಂದೇ, ಬಿಡಲು ಮನಸ್ಸಾಗುವುದಿಲ್ಲ. ಸಾಕು ಅನಿಸಿದರೂ ಕೆಳಗಿಡಲು ಆಗುತ್ತಿದೆಯೇ, ನಿದ್ದೆ ಎಷ್ಟು ಕೆಡುತ್ತಿದೆ, ಎಬ್ಬಿಸಿದರೆ ಸಿಡುಕುತ್ತಾರೆಯೇ? ಭಾನುವಾರ ತಿಂಡಿ ಆದಮೇಲೆ ಸಮಾಧಾನವಾಗಿ ಇಷ್ಟು ಕೇಳಿ. ಮಧ್ಯರಾತ್ರಿ ಕೇಳಬೇಡಿ.

'ಅಲರ್ಟ್ ಬಂದರೆ?' ಎಂಬ ನೆಪಕ್ಕೆ ಉಪಾಯವಿದೆ. ಫೋನನ್ನು 'ಡು ನಾಟ್ ಡಿಸ್ಟರ್ಬ್'ಗೆ ಹಾಕಿ, ಆಫೀಸಿನ ಅಲರ್ಟ್ ನಂಬರಿಗೆ ಮಾತ್ರ ವಿನಾಯಿತಿ ಕೊಟ್ಟು, ರಿಂಗ್ ಜೋರಾಗಿಟ್ಟು ಹಾಲ್‌ನಲ್ಲಿಡಲಿ. ಸರ್ವರ್ ಬಿದ್ದರೆ ಫೋನೇ ಎಬ್ಬಿಸುತ್ತದೆ, ಕಾವಲು ಕೂರಬೇಕಿಲ್ಲ.

ಇದರಿಂದಲೂ ಆಗದಿದ್ದರೆ ನಿಮ್ಹಾನ್ಸ್‌ನವರು 2014ರಲ್ಲೇ ಇದಕ್ಕೆಂದು ಶುರುಮಾಡಿದ 'ಶಟ್ ಕ್ಲಿನಿಕ್' ನಿಮ್ಮ ಊರಿನಲ್ಲೇ ಇದೆ. ಮೊದಲು ಫೋನಲ್ಲಿ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416; ಉಚಿತ, ಕನ್ನಡದಲ್ಲೂ ಮಾತಾಡಬಹುದು. ಹೋಗುವುದಾದರೆ ಇಬ್ಬರೂ ಒಟ್ಟಿಗೆ ಹೋಗಿ.

ಕಂಪನಿಗಳನ್ನೂ ಕೇಳಲೇಬೇಕು. ಕೆಲಸದ ವೇಳೆ ಮುಗಿದ ಮೇಲೆ ಫೋನಿಗೆ ಉತ್ತರಿಸದಿರುವ ಹಕ್ಕಿಗೆ ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನಿನ ಬಲವಿದೆ. ನಮ್ಮಲ್ಲಿ ಅದು ಬರುವವರೆಗೂ ಕಾಯಬೇಕಿಲ್ಲ. ರಾತ್ರಿ ಕಾಲ್ ಇದ್ದವರಿಗೆ ಮರುದಿನ ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ಬೇಡ ಎಂದು ಒಬ್ಬ ಮ್ಯಾನೇಜರ್ ನಾಳೆಯೇ ಹೇಳಬಹುದು. ನಿಮ್ಮ ಮನೆಯವರು ತಮ್ಮ ಮ್ಯಾನೇಜರ್ ಬಳಿ ಇದನ್ನು ಬಾಯಿಬಿಟ್ಟು ಕೇಳಲಿ.

— ಸಂ.