ಪ್ರತಿ: ತಹದೀಗ್ ಹೊಂಬಣ್ಣಕ್ಕೆ ಬರುವ ಬದಲು ಕಪ್ಪಾಗಿ ಅಂಟುತ್ತಿದೆ

ತಹದೀಗ್ (ಪಾತ್ರೆಯ ತಳದಲ್ಲಿ ಗರಿಗರಿಯಾಗುವ ಇರಾನಿನ ಅನ್ನದ ಪದರ) ಮಾಡಲು, ಅನ್ನ ಪೂರ್ತಿ ಬೆಂದ ಮೇಲೆ ಸ್ಟೀಲ್ ಪಾತ್ರೆಗೆ ಸುರಿದು ದೊಡ್ಡ ಉರಿಯಲ್ಲಿಟ್ಟೆ ಅಂತ ಬರೆದಿದ್ದೀರಿ. ತೊಂದರೆ ಬಹುಶಃ ಅಲ್ಲೇ ಇದೆ. ಇರಾನಿನ ಪದ್ಧತಿಯಲ್ಲಿ ಅನ್ನ ಪಾತ್ರೆಗೆ ಇಳಿಯುವಾಗ ಅರ್ಧಂಬರ್ಧ ಬೆಂದಿರಬೇಕು, ಉಳಿದದ್ದು ಹಬೆಯಲ್ಲೇ ಆಗಬೇಕು.

ಬಾಸ್ಮತಿ ತೊಳೆದು ಉಪ್ಪುನೀರಲ್ಲಿ ಒಂದು ಗಂಟೆ ನೆನೆಸಿ. ಧಾರಾಳ ನೀರು ಕುದಿಸಿ ಅಕ್ಕಿ ಹಾಕಿ, ಐದಾರು ನಿಮಿಷಕ್ಕೆ ಒಂದು ಅಗುಳು ಹಿಚುಕಿ ನೋಡಿ. ಹೊರಗೆ ಮೆತ್ತಗೆ, ನಡುವೆ ಗಟ್ಟಿ ಇದ್ದರೆ ತಕ್ಷಣ ಬಸಿಯಿರಿ.

ಕೇಸರಿಯನ್ನು ಚಿಟಿಕೆ ಸಕ್ಕರೆ ಜೊತೆ ಕುಟ್ಟಿ ಬಿಸಿನೀರಲ್ಲಿ ಬಿಡಿ. ನೇರವಾಗಿ ಎಳೆ ಉದುರಿಸಿದರೆ ದುಡ್ಡು ದಂಡ. ಎರಡು ಚಮಚ ಮೊಸರು, ಸ್ವಲ್ಪ ಕೇಸರಿ ನೀರು, ಎರಡು ಸೌಟು ಅನ್ನ ಕಲಸಿಡಿ. ಪಾತ್ರೆಯ ತಳ ಮುಚ್ಚುವಷ್ಟು ಎಣ್ಣೆ ಕಾಯಿಸಿ (ಜಿಪುಣತನ ಬೇಡ), ಅದರ ಮೇಲೆ ಈ ಮಿಶ್ರಣ ಹರಡಿ. ಉಳಿದ ಅನ್ನವನ್ನು ಒತ್ತದೆ ಗೋಪುರದಂತೆ ಪೇರಿಸಿ, ಸೌಟಿನ ಹಿಡಿಯಿಂದ ನಾಲ್ಕೈದು ತೂತು ಮಾಡಿ.

ಮಧ್ಯಮ ಉರಿಯಲ್ಲಿ ಹಬೆ ಬಂದ ಕೂಡಲೇ ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚಿ, ತುದಿಗಳು ಉರಿಗೆ ತಾಗದಂತೆ ಮೇಲಕ್ಕೆ ಕಟ್ಟಿ. ಆಮೇಲೆ ತೀರಾ ಸಣ್ಣ ಉರಿಯಲ್ಲಿ 40–45 ನಿಮಿಷ. ನಿಮ್ಮ ಒಲೆಗೆ ಇದು ಹೆಚ್ಚುಕಮ್ಮಿ ಆಗಬಹುದು. ಕಾಳು ಹುರಿದಂಥ ಪರಿಮಳ ಬಂದರೆ ಆಯಿತು. ಇಳಿಸಿ ಪಾತ್ರೆಯ ತಳವನ್ನು ಎರಡು ನಿಮಿಷ ತಣ್ಣೀರಲ್ಲಿಟ್ಟು ತಟ್ಟೆಗೆ ಮಗುಚಿ.

ನಾನ್‌ಸ್ಟಿಕ್ ಇದ್ದರೆ ಅದನ್ನೇ ಬಳಸಿ. ಸ್ಟೀಲ್ ಮಾತ್ರ ಇದ್ದರೆ ತಳಕ್ಕೆ ಮೊಸರು ಕಲಸಿದ ಅನ್ನದ ಬದಲು ಬಿಲ್ಲೆ ಹೆಚ್ಚಿದ ಆಲೂಗಡ್ಡೆ ಹಾಸಿ. ಇರಾನಿನ ಮನೆಗಳಲ್ಲೂ ಹಾಗೆ ಮಾಡುತ್ತಾರೆ.